ನಮ್ಮ ಭಾಗದ ಹವಾಮಾನ ಸಂಶೋಧನೆಗೆ ದತ್ತಿ ನೆರವು ಕೇಳುವ ಬಗೆ

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಮಳೆ, ಬೆಳೆ, ಹಳ್ಳ, ಕೆರೆಗಳ ಮೇಲೆ ಕೆಲಸ ಮಾಡಬೇಕೆಂದಿರುವ ಕಾಲೇಜು ಅಧ್ಯಾಪಕರಿಗೆ, ಸಂಶೋಧನಾ ವಿದ್ಯಾರ್ಥಿಗಳಿಗೆ ಮತ್ತು ಸಣ್ಣ ಸ್ವಯಂಸೇವಾ ಸಂಸ್ಥೆಗಳಿಗೆ ಈ ಬರಹ. ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕುವ ಕ್ರಮವನ್ನು ಹೇಳಿಕೊಡುವ ಹಿರಿಯರು ವಿಶ್ವವಿದ್ಯಾಲಯಗಳಲ್ಲಿ ಸಿಗುತ್ತಾರೆ. ಆದರೆ ದತ್ತಿ ಸಂಸ್ಥೆಗಳಿಂದ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿಯಿಂದ, ಊರಿನ ದಾನಿಗಳಿಂದ ಹಣ ಪಡೆಯುವ ದಾರಿ ಬೇರೆ, ಅದರ ಕಾಗದಪತ್ರ ಬೇರೆ, ಎಡವುವ ಜಾಗಗಳೂ ಬೇರೆ. ಜಗತ್ತಿನ ದತ್ತಿ ಹಣದಲ್ಲಿ ಹವಾಮಾನ ಬದಲಾವಣೆಯನ್ನು ತಗ್ಗಿಸುವ ಕೆಲಸಕ್ಕೆ ಹೋಗುವುದು ನೂರಕ್ಕೆ ಎರಡು ಪಾಲಿಗಿಂತ ಕಡಿಮೆ ಎಂದು ಕ್ಲೈಮೇಟ್‌ವರ್ಕ್ಸ್ ಫೌಂಡೇಶನ್ ಹಲವು ವರ್ಷಗಳಿಂದ ಲೆಕ್ಕ ಹಾಕಿ ಹೇಳುತ್ತ ಬಂದಿದೆ. ಅಷ್ಟು ಸಣ್ಣ ಪಾಲಿನಿಂದ ರೋಣ ತಾಲ್ಲೂಕಿನ ಮಳೆಯನ್ನು ಅಳೆಯುವ ಕೆಲಸಕ್ಕೆ ಹಣ ತಾನಾಗಿ ಹರಿದು ಬರುವುದಿಲ್ಲ. ಕೇಳಬೇಕು, ಮತ್ತು ಕೇಳುವ ಕ್ರಮವನ್ನು ತಿಳಿದು ಕೇಳಬೇಕು.

ಪ್ರಶ್ನೆಯನ್ನು ಹೋಬಳಿಯ ಅಳತೆಗೆ ಇಳಿಸಿಕೊಳ್ಳಿ

ಅರ್ಜಿಯ ಒಂದು ಸಾಲನ್ನೂ ಬರೆಯುವ ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಬೇಕು. ನಾನು ಮೊದಲ ಸಲ ಬರೆದ ಅರ್ಜಿಯ ತಲೆಬರಹ ‘ಉತ್ತರ ಕರ್ನಾಟಕದ ಕೃಷಿಯ ಮೇಲೆ ಹವಾಮಾನ ಬದಲಾವಣೆಯ ಪರಿಣಾಮಗಳು’ ಎಂದಿತ್ತು. ವಿಷಯ ಮುಖ್ಯವಾದದ್ದೆಂದು ಹೊಗಳಿ, ಶುಭ ಕೋರಿ, ಆ ಸಂಸ್ಥೆಯವರು ಎರಡೇ ಸಾಲಿನಲ್ಲಿ ಕೈ ತೊಳೆದುಕೊಂಡರು. ಈಗ ತೆಗೆದು ಓದಿದರೆ ಅವರು ಮಾಡಿದ್ದು ಸರಿ ಎನಿಸುತ್ತದೆ, ಏಕೆಂದರೆ ಆ ತಲೆಬರಹದ ಕೆಳಗೆ ಏನನ್ನು ಬೇಕಾದರೂ ಬರೆಯಬಹುದಿತ್ತು, ನಾನೂ ಹಾಗೆಯೇ ಬರೆದಿದ್ದೆ.

ಒಂದು ಉದಾಹರಣೆಯನ್ನು ಹಿಡಿದು ಈ ಲೇಖನದ ಉದ್ದಕ್ಕೂ ನಡೆಯೋಣ. ನವಲಗುಂದ, ನರಗುಂದ, ರೋಣ ತಾಲ್ಲೂಕುಗಳ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಮುಂಗಾರಿಗೆ ಹೆಸರು ಬಿತ್ತಿ, ಎರಡೂವರೆ ತಿಂಗಳಲ್ಲಿ ರಾಶಿ ಮಾಡಿ, ಅದೇ ಹೊಲಕ್ಕೆ ಹಿಂಗಾರಿನಲ್ಲಿ ಕಡಲೆಯನ್ನೋ ಬಿಳಿಜೋಳವನ್ನೋ ಹಾಕುವುದು ರೂಢಿ. ಕಾಯಿ ಒಣಗಿ ಕೊಯ್ಲಿಗೆ ಬಂದ ಹೊತ್ತಿನಲ್ಲಿ ಮೂರು ದಿನ ಜಿಟಿಜಿಟಿ ಮಳೆ ಹಿಡಿದರೆ ಕಾಳು ಗಿಡದಲ್ಲೇ ಮೊಳೆಯುತ್ತದೆ, ಉಳಿದದ್ದು ಕಪ್ಪಾಗುತ್ತದೆ, ಎಪಿಎಂಸಿಯಲ್ಲಿ ಅದನ್ನು ಕೇಳುವವರಿಲ್ಲ. ಆದರೆ ಅದೇ ಮಳೆ ಹಿಂಗಾರಿ ಬಿತ್ತನೆಗೆ ನೆಲವನ್ನು ಹದ ಮಾಡುತ್ತದೆಯಾದ್ದರಿಂದ ರೈತ ಅದನ್ನು ಬೈಯುತ್ತಲೇ ಬೇಡುತ್ತಾನೆ. ಈ ಇಕ್ಕಟ್ಟಿನಿಂದ ಹುಟ್ಟುವ ಪ್ರಶ್ನೆಯನ್ನು ಹೀಗೆ ಬರೆಯಬಹುದು: ‘ಆಗಸ್ಟ್ 17ರಿಂದ ಸೆಪ್ಟೆಂಬರ್ 13ರವರೆಗಿನ ಅವಧಿಯಲ್ಲಿ ಸತತ ಮೂರು ದಿನ, ದಿನಕ್ಕೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ಸಂದರ್ಭಗಳು ಕಳೆದ ಐವತ್ತು ವರ್ಷಗಳಲ್ಲಿ ಈ ಮೂರು ತಾಲ್ಲೂಕುಗಳಲ್ಲಿ ಬದಲಾಗಿವೆಯೇ? ಬದಲಾಗಿದ್ದರೆ, ಬಿತ್ತನೆಯ ದಿನವನ್ನು ಹಿಂದೆ ಮುಂದೆ ಮಾಡುವುದರಿಂದ ನಷ್ಟ ತಗ್ಗುತ್ತದೆಯೇ?’ 2.5 ಮಿ.ಮೀ. ಎಂಬುದು ಭಾರತ ಹವಾಮಾನ ಇಲಾಖೆ ಮಳೆದಿನವೆಂದು ಗುರುತಿಸುವ ಕನಿಷ್ಠ ಅಳತೆ. ಆ ನಾಲ್ಕು ವಾರ ರೈತನ ಲೆಕ್ಕದಲ್ಲಿ ಮಘಾ ಮತ್ತು ಹುಬ್ಬಿ ಮಳೆಗಳ ಕಾಲ. ಅರ್ಜಿಯಲ್ಲಿ ಎರಡು ಲೆಕ್ಕಗಳನ್ನೂ ಬರೆಯಿರಿ. ‘ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ’ ಎಂದು ಹೇಳುವ ಜನರ ನಡುವೆ ಕೆಲಸ ಮಾಡುವವರಿಗೆ ನಕ್ಷತ್ರದ ಪಂಚಾಂಗವೆಂದರೆ ಸುಮಾರು ಹದಿಮೂರು ಹದಿನಾಲ್ಕು ದಿನಗಳ ಸಿದ್ಧ ವಿಭಾಗ. ಅದನ್ನು ಅಂಕಿ ಅಂಶಗಳ ಮೇಲೆ ಇಟ್ಟು ನೋಡುವುದು ಅವೈಜ್ಞಾನಿಕವೇನಲ್ಲ.

ಇಂಥ ಪ್ರಶ್ನೆಗಳಿಗೆ ನಮ್ಮಲ್ಲಿ ಬರವಿಲ್ಲ. ಬ್ಯಾಡಗಿ ಮೆಣಸಿನಕಾಯಿ ಕಣದಲ್ಲಿ ಒಣಗುವಾಗ ಬೀಳುವ ಅಕಾಲಿಕ ಮಳೆ, ಧಾರವಾಡದ ಆಪೂಸು ಮಾವು ಹೂ ಬಿಡುವ ಹೊತ್ತಿನ ಮೋಡ ಮತ್ತು ಇಬ್ಬನಿ, ಬೆಣ್ಣಿಹಳ್ಳ ಉಕ್ಕಿದಾಗ ಮುಳುಗುವ ಹೊಲಗಳು, ಹಾವೇರಿಯಲ್ಲಿ ವರದಾ ನದಿಯ ಪ್ರವಾಹ, 2024ರಲ್ಲಿ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು, ಘೋಷಿತವಾದ ಗದಗ ಜಿಲ್ಲೆಯ ಮಾಗಡಿ ಕೆರೆಯ ನೀರಿನ ಮಟ್ಟ ಮತ್ತು ಅಲ್ಲಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು, ಇವುಗಳಲ್ಲಿ ಒಂದೊಂದೂ ಎರಡು ಮೂರು ವರ್ಷಗಳ ಕೆಲಸಕ್ಕೆ ಸಾಕು. ಒಂದನ್ನು ಆರಿಸಿಕೊಳ್ಳಿ. ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಸೇರಿಸಿದರೆ ಓದುವವರಿಗೆ ನೀವು ಯಾವುದನ್ನೂ ಮಾಡಲಾರಿರಿ ಎಂದೇ ತೋರುತ್ತದೆ.

ಈಗಾಗಲೇ ಇರುವ ದತ್ತಾಂಶವನ್ನು ಮೊದಲು ಜಾಲಾಡಿ

ದಾನಿಗಳ ಕಡೆಯಿಂದ ಬರುವ ಮೊದಲ ಪ್ರಶ್ನೆ ‘ಈ ಅಂಕಿಗಳು ಸರ್ಕಾರದ ಬಳಿ ಇಲ್ಲವೇ?’ ಎಂಬುದು. ಉತ್ತರ ಸಿದ್ಧವಿರಬೇಕಾದರೆ ಒಂದು ತಿಂಗಳು ಅದಕ್ಕೆ ಮೀಸಲಿಡಬೇಕಾಗುತ್ತದೆ. ಭಾರತ ಹವಾಮಾನ ಇಲಾಖೆಯ ಪುಣೆ ಕಚೇರಿ 1901ರಿಂದ ಈಚಿನ ದೈನಂದಿನ ಮಳೆಯನ್ನು ಕಾಲು ಡಿಗ್ರಿ ಚೌಕಗಳಲ್ಲಿ, 1951ರಿಂದ ಈಚಿನ ಉಷ್ಣಾಂಶವನ್ನು ಒಂದು ಡಿಗ್ರಿ ಚೌಕಗಳಲ್ಲಿ ಉಚಿತವಾಗಿ ಕೊಡುತ್ತದೆ. ಕಾಲು ಡಿಗ್ರಿ ಎಂದರೆ ನಮ್ಮ ಅಕ್ಷಾಂಶದಲ್ಲಿ ಹತ್ತಿರ ಹತ್ತಿರ 27 ಕಿ.ಮೀ.; ಅಂದರೆ ಒಂದು ಇಡೀ ತಾಲ್ಲೂಕಿಗೆ ಎರಡು ಮೂರು ಚೌಕಗಳು ಮಾತ್ರ. ಪಶ್ಚಿಮಕ್ಕೆ ಕಲಘಟಗಿಯ ಮಲೆನಾಡ ಸೆರಗಿನಿಂದ ಪೂರ್ವಕ್ಕೆ ನವಲಗುಂದದ ಬಯಲಿಗೆ ಬರುವಷ್ಟರಲ್ಲಿ ಮಳೆ ಎಷ್ಟು ಇಳಿಯುತ್ತದೆಂದು ಈ ಭಾಗದವರಿಗೆಲ್ಲ ಗೊತ್ತು. ಇಂಥ ನೆಲದಲ್ಲಿ ಚೌಕದ ಸರಾಸರಿ ಹೊಲದ ಮಳೆಯನ್ನು ಹೇಳುವುದಿಲ್ಲ ಎಂಬುದನ್ನು ಅರ್ಜಿಯಲ್ಲಿ ಒಂದು ನಕ್ಷೆಯ ಮೂಲಕ ತೋರಿಸಿದರೆ ಮೇಲಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಇವೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಆರಂಭವಾದ ಈ ಕೇಂದ್ರದ ಇಷ್ಟು ದಟ್ಟವಾದ ಜಾಲ ಈಚಿನದು, ಆದ್ದರಿಂದ ಐವತ್ತು ವರ್ಷಗಳ ಹೋಲಿಕೆಗೆ ಅದೊಂದೇ ಸಾಲದು. ಹಳೆಯ ಕಾಲಕ್ಕೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳ ದಾಖಲೆ, ಗದಗದಲ್ಲಿರುವ ಹವಾಮಾನ ಇಲಾಖೆಯ ವೀಕ್ಷಣಾಲಯದ ದಾಖಲೆ, ತಾಲ್ಲೂಕು ಕಚೇರಿಗಳ ಮಳೆ ರಿಜಿಸ್ಟರುಗಳು ಇವೆ.

ಇಲ್ಲಿ ಒಂದು ಗುಂಡಿಯಿದೆ, ಹೊರಗಿನವರಿಗೆ ಕಾಣುವುದೇ ಇಲ್ಲ. ಗದಗ ಮತ್ತು ಹಾವೇರಿ ಜಿಲ್ಲೆಗಳು ಧಾರವಾಡದಿಂದ ಬೇರ್ಪಟ್ಟದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಬೆಳೆ ಕ್ಷೇತ್ರ, ಇಳುವರಿಗಳ ಜಿಲ್ಲಾವಾರು ಅಂಕಿಗಳೆಲ್ಲ ಅವಿಭಜಿತ ಧಾರವಾಡದ ಹೆಸರಿನಲ್ಲಿವೆ. 1995ರ ‘ಧಾರವಾಡ’ವನ್ನೂ 2005ರ ‘ಧಾರವಾಡ’ವನ್ನೂ ಒಂದೇ ಗೆರೆಯ ಮೇಲೆ ಇಟ್ಟರೆ ಕೃಷಿಯಲ್ಲಿ ಭಾರಿ ಕುಸಿತವಾದಂತೆ ಕಾಣುತ್ತದೆ. ಅಣ್ಣಿಗೇರಿ, ಅಳ್ನಾವರ, ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿಗಳು ಈಚೆಗೆ ತಾಲ್ಲೂಕುಗಳಾದ್ದರಿಂದ ತಾಲ್ಲೂಕುವಾರು ಅಂಕಿಗಳಿಗೂ ಇದೇ ತೊಡಕು. ಹಳೆಯ ರಿಜಿಸ್ಟರುಗಳನ್ನು ಹುಡುಕಿ, ಛಾಯಾಚಿತ್ರ ತೆಗೆದು, ಕಂಪ್ಯೂಟರಿಗೆ ಏರಿಸಿ, ಗಡಿಗಳನ್ನು ಹೊಂದಿಸುವ ಈ ಕೆಲಸವನ್ನೇ ಅರ್ಜಿಯ ಮೊದಲ ಭಾಗವಾಗಿ ಇಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಸರ್ಕಾರಿ ಅನುದಾನದ ಪರಿಶೀಲಕರು ಇದನ್ನು ಗುಮಾಸ್ತಿಕೆ ಎಂದು ತಳ್ಳಿಹಾಕುವುದುಂಟು. ದತ್ತಿ ಹಣಕ್ಕೆ ಅಂಥ ಹಟವಿಲ್ಲ, ಮತ್ತು ಅಷ್ಟು ಖರ್ಚಿಗೆ ಅಷ್ಟು ಶಾಶ್ವತವಾದ ಫಲ ಕೊಡುವ ಬೇರೆ ಕೆಲಸ ಈ ಕ್ಷೇತ್ರದಲ್ಲಿ ಕಡಿಮೆ.

ಅರ್ಜಿ ಯಾರ ಹೆಸರಿನಲ್ಲಿ ಹೋಗಬೇಕು

ಸಂಘಟಿತ ದತ್ತಿ ಸಂಸ್ಥೆಗಳು ವ್ಯಕ್ತಿಗೆ ಸಂಶೋಧನಾ ಹಣ ಕೊಡುವುದು ಅಪರೂಪ, ಕಂಪನಿಗಳಂತೂ ಕೊಡುವ ಹಾಗೇ ಇಲ್ಲ. ಆದ್ದರಿಂದ ಹಣ ಬರುವ ಖಾತೆ ಯಾರದು ಎಂಬುದನ್ನು ಮೊದಲೇ ನಿರ್ಧರಿಸಬೇಕು. ಕೃಷಿ ವಿಶ್ವವಿದ್ಯಾಲಯ, ಕರ್ನಾಟಕ ವಿಶ್ವವಿದ್ಯಾಲಯ, ಧಾರವಾಡದ ಐಐಟಿ, ನೀರು ಮತ್ತು ನೆಲ ನಿರ್ವಹಣಾ ಸಂಸ್ಥೆಯಾದ ವಾಲ್ಮಿ, ಬಹುಶಿಸ್ತೀಯ ಅಭಿವೃದ್ಧಿ ಸಂಶೋಧನಾ ಕೇಂದ್ರ, ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಹುಲಕೋಟಿ ಮತ್ತು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಗಳು, ಇಷ್ಟು ಸಂಸ್ಥೆಗಳು ಒಂದು ದಿನದ ಬಸ್ ಪ್ರಯಾಣದ ಒಳಗೆ ಇರುವುದು ನಮ್ಮ ಭಾಗ್ಯ. ಸಣ್ಣ ಕಾಲೇಜಿನ ಅಧ್ಯಾಪಕರು ಇವುಗಳಲ್ಲಿ ಒಂದರ ವಿಜ್ಞಾನಿಯನ್ನು ಜೊತೆಗಾರರನ್ನಾಗಿ ಮಾಡಿಕೊಂಡು, ಆ ಸಂಸ್ಥೆಯ ಖಾತೆಯ ಮೂಲಕ ಹೋಗುವುದು ಸುಲಭದ ದಾರಿ. ಆದರೆ ಯಾರ ಹೆಸರು ಮುಂದೆ, ಸಹಾಯಕರನ್ನು ನೇಮಿಸುವವರು ಯಾರು, ಬಿಲ್ಲಿಗೆ ಸಹಿ ಯಾರದು ಎಂಬುದನ್ನು ಚಹಾ ಕುಡಿಯುತ್ತ ಒಪ್ಪಿಕೊಂಡು ಬಿಡದೆ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಮಾಡಬೇಕು.

ಸ್ವಯಂಸೇವಾ ಸಂಸ್ಥೆಯ ಹೆಸರಿನಲ್ಲಿ ಹೋಗುವುದಾದರೆ ಕಾಗದಪತ್ರಗಳ ಗಂಟು ದೊಡ್ಡದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವೋ, ನೋಂದಾಯಿತ ಟ್ರಸ್ಟೋ, ಕಂಪನಿ ಕಾಯ್ದೆಯ 8ನೇ ಕಲಮಿನ ಕಂಪನಿಯೋ ಆಗಿರಬೇಕು. ಆದಾಯ ತೆರಿಗೆ ಇಲಾಖೆಯಲ್ಲಿ 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ರಿಯಾಯಿತಿ) ಎಂದು ಜನ ಕರೆಯುವ ನೋಂದಣಿಗಳು ಬೇಕು; ಇವು ಅವಧಿ ಮುಗಿಯುವ ಮೊದಲು ನವೀಕರಣಗೊಳ್ಳಬೇಕು ಎಂಬುದನ್ನು ಮರೆತು ಕುಳಿತ ಸಂಸ್ಥೆಗಳು ಬಹಳ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರೊಂದಿಗೆ ಕಲಮುಗಳ ಸಂಖ್ಯೆ ಬದಲಾಗುವುದರಿಂದ, ಹಳೆಯ ಅರ್ಜಿಯನ್ನು ನಕಲು ಮಾಡುವ ಮೊದಲು ಲೆಕ್ಕಪರಿಶೋಧಕರಿಗೆ ಒಮ್ಮೆ ತೋರಿಸಿ. ನೀತಿ ಆಯೋಗದ ದರ್ಪಣ್ ಜಾಲತಾಣದ ಗುರುತಿನ ಸಂಖ್ಯೆಯನ್ನು ಬಹುತೇಕ ಎಲ್ಲರೂ ಕೇಳುತ್ತಾರೆ. ಕಂಪನಿಗಳ ಹಣ ಬೇಕೆಂದರೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಕಡ್ಡಾಯ, ಮತ್ತು ಕಂಪನಿಯೇ ಕಟ್ಟಿದ ಸಂಸ್ಥೆಯಲ್ಲದಿದ್ದರೆ ಅದೇ ಬಗೆಯ ಕೆಲಸದಲ್ಲಿ ಮೂರು ವರ್ಷಗಳ ಅನುಭವವನ್ನೂ ತೋರಿಸಬೇಕಾಗುತ್ತದೆ.

ವಿದೇಶಿ ದತ್ತಿ ಸಂಸ್ಥೆಗಳ ಹಣದ ವಿಷಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಸಣ್ಣ ಸಂಸ್ಥೆಗಳು ಅದರ ಬೆನ್ನು ಹತ್ತುವುದು ನನಗೆ ಒಪ್ಪಿಗೆಯಿಲ್ಲ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಸಿಗಬೇಕಾದರೆ ಸಂಸ್ಥೆ ಮೂರು ವರ್ಷ ಕೆಲಸ ಮಾಡಿರಬೇಕು, ಆ ಅವಧಿಯಲ್ಲಿ ತನ್ನ ಮೂಲ ಉದ್ದೇಶಗಳಿಗೆ 15 ಲಕ್ಷ ರೂಪಾಯಿ ವೆಚ್ಚ ಮಾಡಿರಬೇಕು. ಹಣ ಮೊದಲು ಬಂದು ಇಳಿಯಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. 2020ರ ತಿದ್ದುಪಡಿಯ ನಂತರ ಆಡಳಿತ ವೆಚ್ಚ ಶೇ 20ನ್ನು ಮೀರುವಂತಿಲ್ಲ, ಮತ್ತು ಒಂದು ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ‘ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ಹಣ ತರಿಸಿ ನಮಗೆ ಕಳಿಸುತ್ತದೆ’ ಎಂಬ ಹಳೆಯ ಏರ್ಪಾಡು ಅಲ್ಲಿಗೆ ಮುಗಿಯಿತು. ಕಾಯ್ದೆಯಿಂದ ಸ್ಥಾಪಿತವಾಗಿ ದೇಶದ ಮಹಾಲೇಖಪಾಲರ (ಸಿಎಜಿ) ಲೆಕ್ಕಪರಿಶೋಧನೆಗೆ ಒಳಪಟ್ಟ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿಯಿದೆ. ನಿಮ್ಮ ಜೊತೆಗಾರ ವಿಶ್ವವಿದ್ಯಾಲಯಕ್ಕೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಅಲ್ಲಿನ ಹಣಕಾಸು ಅಧಿಕಾರಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ದಾನಿಗಳನ್ನು ಗುರುತಿಸುವುದು

ದಾನದಿಂದ ವಿದ್ಯೆಯನ್ನು ಕಟ್ಟಿದ ಪರಂಪರೆ ಧಾರವಾಡಕ್ಕೆ ಹೊಸದಲ್ಲ. 1917ರಲ್ಲಿ ಕರ್ನಾಟಕ ಕಾಲೇಜು ಇಲ್ಲಿ ತೆರೆಯುವುದಕ್ಕೆ ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರಂಥವರು ಜನರಿಂದ ಕೂಡಿಸಿದ ದೇಣಿಗೆ ಕಾರಣವಾಯಿತು. ಹವಾಮಾನ ವಿಜ್ಞಾನಕ್ಕೇ ಬಂದರೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರ 2009ರಲ್ಲಿ ಆರಂಭವಾದದ್ದು ಅರ್ಜುನ್ ಮತ್ತು ಡಯಾನಾ ದಿವೇಚಾ ದಂಪತಿಯ ದೇಣಿಗೆಯಿಂದ. ಇವೆರಡನ್ನೂ ಮೊದಲ ಭೇಟಿಯಲ್ಲಿ ಹೇಳಲು ಅಡ್ಡಿಯಿಲ್ಲ. ಕಟ್ಟಡಕ್ಕೆ, ಅನ್ನದಾಸೋಹಕ್ಕೆ ಉದಾರವಾಗಿ ಕೊಡುವ ನಮ್ಮ ಕಡೆಯ ಶ್ರೀಮಂತರಿಗೆ ಮಳೆ ಅಳೆಯುವುದಕ್ಕೂ ದೇಣಿಗೆ ಕೊಡಬಹುದೆಂಬುದು ಹೊಸ ಮಾತಾಗಿ ಕೇಳಿಸುತ್ತದೆ.

ದಾನಿಗಳನ್ನು ಮೂರು ಬಗೆಯಾಗಿ ನೋಡಬಹುದು, ಆದರೆ ಮೂರೂ ಒಂದೇ ತೂಕದವಲ್ಲ. ದೊಡ್ಡ ದತ್ತಿ ಸಂಸ್ಥೆಗಳು ಒಂದು ಬಗೆ: ನೀರಿಗಾಗಿ 2001ರಲ್ಲಿ ರೋಹಿಣಿ ನಿಲೇಕಣಿಯವರು ಸ್ಥಾಪಿಸಿದ ಅರ್ಘ್ಯಂ, 2020ರಲ್ಲಿ ದಾನಿಗಳನ್ನು ಒಂದುಗೂಡಿಸಲು ಹುಟ್ಟಿದ ಇಂಡಿಯಾ ಕ್ಲೈಮೇಟ್ ಕೊಲ್ಯಾಬರೇಟಿವ್, ಹುಬ್ಬಳ್ಳಿಯಲ್ಲೇ ಇದ್ದು ಕೃಷಿ ಹೊಂಡಗಳ ಕೆಲಸ ಮಾಡಿರುವ ದೇಶಪಾಂಡೆ ಫೌಂಡೇಶನ್ ಮುಂತಾದವು. ಇವುಗಳ ಬಳಿ ಹೋಗುವ ಮೊದಲು ಅವು ಈಚೆಗೆ ಯಾರಿಗೆ, ಯಾವ ಕೆಲಸಕ್ಕೆ ಹಣ ಕೊಟ್ಟಿವೆ ಎಂದು ಅವುಗಳ ವಾರ್ಷಿಕ ವರದಿಗಳಲ್ಲಿ ಓದಬೇಕು. ಹೆಚ್ಚಿನವು ಕೆಲಸ ಮಾಡಿಸಲು ಹಣ ಕೊಡುತ್ತವೆ, ಅಧ್ಯಯನಕ್ಕೆ ಕೊಡಲು ಹಿಂಜರಿಯುತ್ತವೆ. ಹೊಂಡ ತೋಡಿಸುವವರ ಬಳಿ ಹೋಗಿ ‘ಆಗಸ್ಟಿನ ಮಳೆಯ ಸ್ವರೂಪ ತಿಳಿಯದೆ ಹೊಂಡದ ಗಾತ್ರವನ್ನು ಹೇಗೆ ನಿರ್ಧರಿಸುವುದು?’ ಎಂದು ಕೇಳಿದರೆ ನಿಮ್ಮ ಅಧ್ಯಯನ ಅವರ ಕೆಲಸದ ಒಳಗೇ ಜಾಗ ಪಡೆಯುತ್ತದೆ.

ಎರಡನೆಯದು ಕಂಪನಿಗಳ ನಿಧಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕು. ತಾನು ಇರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು ಕಾಯ್ದೆಯೇ ಹೇಳುವುದರಿಂದ ಹುಬ್ಬಳ್ಳಿ-ಧಾರವಾಡದ ಕೈಗಾರಿಕಾ ಪ್ರದೇಶಗಳಲ್ಲಿ ಕಾರ್ಖಾನೆ ಇರುವ, ಗದಗಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವ ಕಂಪನಿಗಳ ಪಟ್ಟಿಯನ್ನು ಮಾಡಿಕೊಳ್ಳಿ. ನಿಮ್ಮ ಕೆಲಸ ಕಾಯ್ದೆಯ ಏಳನೇ ಅನುಸೂಚಿಯ ಯಾವ ಬಾಬಿನಲ್ಲಿ ಬರುತ್ತದೆ ಎಂಬುದನ್ನು ನೀವೇ ಬರೆದುಕೊಡಬೇಕು. ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲಗಳ ರಕ್ಷಣೆ ನಾಲ್ಕನೆಯ ಬಾಬು. ಸಾರ್ವಜನಿಕ ಹಣದಿಂದ ನಡೆಯುವ ವಿಶ್ವವಿದ್ಯಾಲಯ, ಐಐಟಿ, ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನಂಥ (ಐಸಿಎಆರ್) ಸಂಸ್ಥೆಗಳ ವೈಜ್ಞಾನಿಕ ಸಂಶೋಧನೆಗೆ ಕೊಡುವ ಹಣ ಒಂಬತ್ತನೆಯದು. ಖಾಸಗಿ ಸಂಸ್ಥೆಯವರು ಒಂಬತ್ತನೆಯದನ್ನು ನಮೂದಿಸಿದರೆ ಅರ್ಜಿ ಕಂಪನಿಯ ಕಾನೂನು ವಿಭಾಗದಲ್ಲೇ ನಿಲ್ಲುತ್ತದೆ.

ಮೂರನೆಯವರು ಊರಿನ ದಾನಿಗಳು: ವರ್ತಕರು, ವೈದ್ಯರು, ಹಳೆಯ ವಿದ್ಯಾರ್ಥಿಗಳು, ಸಹಕಾರಿ ಸಂಘಗಳು. ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ 1905ರಲ್ಲಿ ಹುಟ್ಟಿದ್ದು ಗದಗ ಸೀಮೆಯ ಕಣಗಿನಹಾಳದಲ್ಲಿ. ಕೈಯಿಂದ ಕೈಗೆ ಹಣ ಕೂಡಿಸುವ ರೂಢಿ ಈ ನೆಲದ್ದೇ. ಇವರ ಮೊತ್ತ ಸಣ್ಣದಾದರೂ ಷರತ್ತು ಕಡಿಮೆ, ಮತ್ತು ದೊಡ್ಡ ದಾನಿಯ ಮುಂದೆ ‘ಊರಿನವರೇ ಇಷ್ಟು ಕೊಟ್ಟಿದ್ದಾರೆ’ ಎಂದು ಹೇಳುವುದಕ್ಕೆ ಇರುವ ಬೆಲೆ ಆ ಮೊತ್ತಕ್ಕಿಂತ ದೊಡ್ಡದು.

ಇವುಗಳ ಜೊತೆಗೆ, 2023ರ ಕಾಯ್ದೆಯಿಂದ ಸ್ಥಾಪಿತವಾದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಎಂದು ಯೋಜಿಸಿದಾಗ ಅದರ ದೊಡ್ಡ ಪಾಲು ಸರ್ಕಾರೇತರ ಮೂಲಗಳಿಂದ ಬರಬೇಕೆಂಬ ಎಣಿಕೆಯಿತ್ತು. ಅದರ ಪ್ರಕಟಣೆಗಳ ಮೇಲೂ ಒಂದು ಕಣ್ಣಿರಲಿ.

ಎರಡು ಪುಟದ ಪತ್ರ

ಪೂರ್ಣ ಅರ್ಜಿಗಿಂತ ಮೊದಲು ಎರಡು ಪುಟದ ಪತ್ರ ಕಳಿಸುವುದು ವಾಡಿಕೆ. ಮೊದಲ ಪರಿಚ್ಛೇದದಲ್ಲಿ ಪ್ರಶ್ನೆ, ಎರಡನೆಯದರಲ್ಲಿ ಅದರಿಂದ ಯಾರ ಯಾವ ನಿರ್ಧಾರ ಬದಲಾಗುತ್ತದೆ, ಆಮೇಲೆ ದತ್ತಾಂಶ, ವಿಧಾನ, ಅವಧಿ, ಮೊತ್ತ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯಾದ ಐಪಿಸಿಸಿಯ ವರದಿಗಳಿಂದ ಅರ್ಧ ಪುಟ ಎತ್ತಿ ಹಾಕಬೇಡಿ. ಭೂಮಿ ಬಿಸಿಯಾಗುತ್ತಿದೆ ಎಂಬುದನ್ನು ಓದುವವರು ನಿಮ್ಮಿಂದ ತಿಳಿಯಬೇಕಾಗಿಲ್ಲ. 2019ರ ಆಗಸ್ಟಿನ ನೆರೆ ಮತ್ತು ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದ 2023, ಈ ಎರಡು ವರ್ಷಗಳನ್ನು ನಿಮ್ಮ ತಾಲ್ಲೂಕಿನ ಅಂಕಿಗಳೊಂದಿಗೆ ಅಕ್ಕಪಕ್ಕದಲ್ಲಿಟ್ಟರೆ ಹೇಳಬೇಕಾದದ್ದು ನಾಲ್ಕು ಸಾಲಿನಲ್ಲಿ ಮುಗಿಯುತ್ತದೆ. ಪತ್ರ ಇಂಗ್ಲಿಷಿನಲ್ಲಿ ಹೋಗಬೇಕಾಗಿದ್ದರೂ ಮೊದಲು ಕನ್ನಡದಲ್ಲಿ ಬರೆದು, ನವಲಗುಂದದ ಕಡೆಯ ಒಬ್ಬ ರೈತರಿಗೆ ಓದಿ ಹೇಳಿ ನೋಡಿ. ‘ಇದು ನಮಗ ಗೊತ್ತಿದ್ದದ್ದ ಅಲ್ಲೇನ್ರಿ’ ಎಂದು ಅವರು ಅಂದರೆ, ಗೊತ್ತಿರುವುದಕ್ಕೂ ಅಳೆದು ತೋರಿಸುವುದಕ್ಕೂ ಇರುವ ವ್ಯತ್ಯಾಸವನ್ನು ಪತ್ರ ಇನ್ನೂ ಸ್ಪಷ್ಟಪಡಿಸಿಲ್ಲ ಎಂದು ತಿಳಿಯಿರಿ.

ಲೆಕ್ಕಪಟ್ಟಿ ಮತ್ತು ಪಂಚಾಂಗ

ಲೆಕ್ಕಪಟ್ಟಿಯಲ್ಲಿ ದೊಡ್ಡ ಬಾಬು ಮನುಷ್ಯರ ಸಂಬಳ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರ ಜನವರಿಯಿಂದ ಕಿರಿಯ ಸಂಶೋಧನಾ ಸಹಾಯಕರಿಗೆ ತಿಂಗಳಿಗೆ 37,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಎಂದು ನಿಗದಿ ಮಾಡಿದೆ. ಎರಡು ವರ್ಷಕ್ಕೆ ಭತ್ಯೆ ಬಿಟ್ಟೇ 8,88,000 ರೂಪಾಯಿ. ಹಣ ಕಡಿಮೆ ಕೇಳಿದರೆ ಬೇಗ ಸಿಗುತ್ತದೆಂದು ಈ ಬಾಬನ್ನು ಅರ್ಧ ಮಾಡುವವರಿದ್ದಾರೆ. ಹಾಗೆ ಮಾಡಿದಾಗ ತರಬೇತಾದ ಹುಡುಗ ಅಥವಾ ಹುಡುಗಿ ಎರಡನೆಯ ಮುಂಗಾರಿನ ನಡುವೆ ಬೇರೆ ಕೆಲಸ ಸಿಕ್ಕು ಹೊರಟುಹೋಗುತ್ತಾರೆ, ಮಳೆ ಅವರಿಗಾಗಿ ಕಾಯುವುದಿಲ್ಲ. ಪ್ರಯಾಣದ ವೆಚ್ಚವನ್ನೂ ನಿಜವಾಗಿ ಹಾಕಿ: ಹುಬ್ಬಳ್ಳಿಯಿಂದ ನರಗುಂದಕ್ಕೆ ಹೋಗಿ ಬರಲು ನೂರು ಕಿ.ಮೀ.ಗೂ ಮಿಕ್ಕಿ ಆಗುತ್ತದೆ, ಮತ್ತು ಮಳೆಗಾಲದಲ್ಲಿ ಎರಿ ಹೊಲದ ದಾರಿಯಲ್ಲಿ ಬೈಕು ಸಿಕ್ಕಿಕೊಂಡರೆ ಆ ದಿನದ ಕೆಲಸ ಅಲ್ಲಿಗೆ ಮುಗಿದಂತೆ. ಮಳೆ ದಾಖಲಿಸುವ ಹಳ್ಳಿಯವರಿಗೆ ಗೌರವಧನ, ರಿಜಿಸ್ಟರುಗಳ ಪ್ರತಿ, ಕನ್ನಡದಲ್ಲಿ ವರದಿ ಮುದ್ರಣ, ಲೆಕ್ಕಪರಿಶೋಧನಾ ಶುಲ್ಕ, ಇವುಗಳನ್ನು ಬಿಡಬೇಡಿ.

ಕಂಪನಿಯವರು ‘ಆಡಳಿತ ವೆಚ್ಚ ಶೇ 5ರ ಒಳಗೆ ಇರಬೇಕು, ಕಾನೂನು ಹಾಗೆ’ ಎಂದು ಹೇಳಬಹುದು. ಆ ಮಿತಿ ಕಂಪನಿ ತನ್ನದೇ ಸಿಎಸ್‌ಆರ್ ವಿಭಾಗದ ನಿರ್ವಹಣೆಗೆ ಮಾಡುವ ವೆಚ್ಚಕ್ಕೆ ಸಂಬಂಧಿಸಿದ್ದು. ಯೋಜನೆಯ ವಿನ್ಯಾಸ, ಅನುಷ್ಠಾನ, ಉಸ್ತುವಾರಿಗೆ ನೇರವಾಗಿ ಆಗುವ ವೆಚ್ಚ ಅದರಲ್ಲಿ ಸೇರುವುದಿಲ್ಲವೆಂದು ಕಂಪನಿ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟೀಕರಣ ಕೊಟ್ಟಿದೆ. ವಿನಯದಿಂದಲೇ ಇದನ್ನು ನೆನಪಿಸಿ. ಸಂಶೋಧನಾ ಅನುದಾನದ ಮೇಲಿನ ಜಿಎಸ್‌ಟಿಯ ಬಗ್ಗೆ ಇದ್ದ ಗೊಂದಲವನ್ನು 2024ರ ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಬಿಡಿಸಿದೆ: ಕಾಯ್ದೆಯಿಂದ ಸ್ಥಾಪಿತವಾದ ವಿಶ್ವವಿದ್ಯಾಲಯಗಳಿಗೆ ಮತ್ತು 1961ರ ಆದಾಯ ತೆರಿಗೆ ಕಾಯ್ದೆಯ 35ನೇ ಕಲಮಿನಡಿ ಅಧಿಸೂಚಿತವಾದ ಸಂಸ್ಥೆಗಳಿಗೆ ವಿನಾಯಿತಿಯಿದೆ. ಸಾಮಾನ್ಯ ಸ್ವಯಂಸೇವಾ ಸಂಸ್ಥೆ ಇದನ್ನು ತನಗೂ ಅನ್ವಯಿಸುತ್ತದೆಂದು ತಾನೇ ಭಾವಿಸಿಕೊಳ್ಳಬಾರದು.

ಮೊತ್ತಕ್ಕಿಂತ ಹೆಚ್ಚು ಅನಾಹುತ ಮಾಡುವುದು ತಾರೀಖು. ಕಂಪನಿಗಳ ಆರ್ಥಿಕ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಜನವರಿಯಿಂದ ಮಾರ್ಚಿಯವರೆಗೆ ಉಳಿದ ಹಣವನ್ನು ವೆಚ್ಚ ಮಾಡುವ ಧಾವಂತ, ಏಪ್ರಿಲ್ ಮೇ ತಿಂಗಳುಗಳಲ್ಲಿ ಹೊಸ ವರ್ಷದ ಯೋಜನೆಯ ಚರ್ಚೆ, ಒಪ್ಪಂದಕ್ಕೆ ಸಹಿ ಬೀಳುವಷ್ಟರಲ್ಲಿ ಜುಲೈ. ಆದರೆ ಹೆಸರು ಬಿತ್ತುವುದು ಜೂನಿನಲ್ಲಿ. ಮಳೆಮಾಪಕಗಳು ಮೇ ಕೊನೆಗೆ ನೆಲದಲ್ಲಿ ಇರಬೇಕು, ಅದಕ್ಕೂ ಮೊದಲು ಸಹಾಯಕರ ನೇಮಕ, ತರಬೇತಿ, ಹಳ್ಳಿಗಳ ಆಯ್ಕೆ ಮುಗಿದಿರಬೇಕು. ಹಣ ಜುಲೈನಲ್ಲಿ ಬಂದರೆ ಒಂದು ಮುಂಗಾರು ಹೋಯಿತು, ಎರಡು ವರ್ಷದ ಯೋಜನೆಯಲ್ಲಿ ಅರ್ಧವೇ ಹೋದಂತೆ. ಇದಕ್ಕೆ ನಾನು ಕಂಡುಕೊಂಡ ಪರಿಹಾರವೆಂದರೆ, ಪತ್ರವನ್ನು ದಸರೆಯ ಹೊತ್ತಿಗೆ ಕಳಿಸಿ, ಜನವರಿಯೊಳಗೆ ಭೇಟಿ ಮುಗಿಸಿ, ಮೊದಲ ಕಂತನ್ನು ಮಾರ್ಚಿಯ ಉಳಿಕೆಯಿಂದಲೇ ಕೇಳುವುದು. ಆಗ ಅವರಿಗೂ ವೆಚ್ಚ ತೋರಿಸಿದಂತಾಗುತ್ತದೆ, ನಮಗೂ ಮುಂಗಾರು ಸಿಗುತ್ತದೆ. ಕಂಪನಿ ಕಾಯ್ದೆಯಲ್ಲಿ ‘ನಡೆಯುತ್ತಿರುವ ಯೋಜನೆ’ ಎಂಬ ವರ್ಗವಿದೆ: ಆರಂಭದ ವರ್ಷವನ್ನು ಬಿಟ್ಟು ಇನ್ನೂ ಮೂರು ವರ್ಷಗಳವರೆಗೆ ಅದು ನಡೆಯಬಹುದು, ವೆಚ್ಚವಾಗದ ಹಣವನ್ನು ಕಂಪನಿ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ನಿಮ್ಮ ಯೋಜನೆಯನ್ನು ಮೊದಲ ದಿನವೇ ಆ ವರ್ಗದಲ್ಲಿ ಸೇರಿಸಿಸಿ. ಕಂತುಗಳನ್ನು ಹಿಂದಿನ ಕಂತಿನ ಲೆಕ್ಕಕ್ಕೆ ಜೋಡಿಸುವುದು ಅನಿವಾರ್ಯವಾದರೂ, ಯಾವ ಕಂತೂ ಜೂನ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲಿ ಬಾಕಿ ಬೀಳದಂತೆ ತಾರೀಖುಗಳನ್ನು ಹೊಂದಿಸಿ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಒಪ್ಪಂದದ ಕರಡು ದಾನಿಗಳ ಕಡೆಯಿಂದ ಬರುತ್ತದೆ, ಮತ್ತು ಹಣ ಬರುವ ಸಂತೋಷದಲ್ಲಿ ನಾವು ಕೊನೆಯ ಪುಟಕ್ಕೆ ಹಾರುತ್ತೇವೆ. ಅಲ್ಲಿ ಮೂರು ವಿಷಯಗಳನ್ನು ಹುಡುಕಿ ಓದಬೇಕು. ಫಲಿತಾಂಶ ದಾನಿಗೆ ಇಷ್ಟವಾಗದಿದ್ದರೂ ಪ್ರಕಟಿಸುವ ಹಕ್ಕು ನಿಮ್ಮದು ಎಂದು ಇರಬೇಕು. ಪ್ರಕಟಣೆಗೆ ಮೊದಲು ಮೂವತ್ತು ದಿನ ಅವರು ಓದಿ ಅಭಿಪ್ರಾಯ ಹೇಳಬಹುದು ಎಂಬುದು ಒಪ್ಪತಕ್ಕ ಮಾತು, ‘ಅನುಮತಿ ಪಡೆಯತಕ್ಕದ್ದು’ ಎಂಬುದು ಒಪ್ಪತಕ್ಕದ್ದಲ್ಲ. ಬೀಜ, ಕ್ರಿಮಿನಾಶಕ, ವಿಮೆ, ಗಾಳಿ ವಿದ್ಯುತ್ತು, ಇವುಗಳ ವ್ಯಾಪಾರದಲ್ಲಿರುವ ದಾನಿಯಾದರೆ ಈ ಸಾಲಿನ ಬಗ್ಗೆ ಎರಡು ಪಟ್ಟು ಎಚ್ಚರ ಬೇಕು. ದತ್ತಾಂಶ ಯಾರದು ಎಂಬುದು ಎರಡನೆಯದು: ಮಳೆಯ ಅಂಕಿಗಳನ್ನು ಎಲ್ಲರಿಗೂ ತೆರೆದಿಡಿ, ಆದರೆ ರೈತರ ಹೆಸರು, ಸರ್ವೇ ನಂಬರು, ಸಾಲದ ವಿವರಗಳನ್ನು ದಾನಿಗೂ ಕೊಡಬೇಡಿ, 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಒಪ್ಪಿಗೆಯನ್ನು ಕನ್ನಡದಲ್ಲಿ ಬರೆದು, ಓದಿ ಹೇಳಿ, ಪಡೆಯುವುದು ವಿವೇಕ. ಮೂರನೆಯದು ಬರಹಗಾರರ ಹೆಸರುಗಳ ಪಟ್ಟಿಯಲ್ಲಿ ದಾನಿಯ ಅಧಿಕಾರಿ ಸೇರಬೇಕೆಂಬ ಒತ್ತಾಯ. ಕೃತಜ್ಞತೆಯ ಪುಟ ಇರುವುದೇ ಅದಕ್ಕಾಗಿ.

ಹೊಲದಲ್ಲಿ ಕೆಲಸ, ದಾನಿಗೆ ವರದಿ

ಮಳೆಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಹತ್ತಿರದ ಮರ ಅಥವಾ ಗೋಡೆಯಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರದಲ್ಲಿ ಇರಬೇಕು. ಓದುವುದು ಪ್ರತಿದಿನ ಬೆಳಿಗ್ಗೆ 8.30ಕ್ಕೆ. ಈ ಹವಾಮಾನ ಇಲಾಖೆಯ ರೂಢಿಯನ್ನು ಪಾಲಿಸದಿದ್ದರೆ ನಿಮ್ಮ ಅಂಕಿಗಳನ್ನು ಹಳೆಯ ರಿಜಿಸ್ಟರಿನ ಜೊತೆ ಹೋಲಿಸಲಾಗುವುದಿಲ್ಲ. ಮಾಪಕ ನೆಟ್ಟ ದಿನವೇ ‘ಇದು ಬೆಳೆ ವಿಮೆಗೋ, ಪರಿಹಾರಕ್ಕೋ?’ ಎಂದು ಹಳ್ಳಿಯವರು ಕೇಳುತ್ತಾರೆ. ಎರಡೂ ಅಲ್ಲವೆಂದು ಅಂದೇ ಸ್ಪಷ್ಟವಾಗಿ ಹೇಳಿ, ಆ ಮಾತನ್ನು ಪಂಚಾಯಿತಿಯ ಗೋಡೆಯ ಮೇಲೂ ಅಂಟಿಸಿ. ಇಲ್ಲದಿದ್ದರೆ ವಿಮೆಯ ಹಣ ಬಾರದ ವರ್ಷ ಮಾಪಕ ಹೊಲದಲ್ಲಿ ಉಳಿಯುವುದಿಲ್ಲ.

ದಾನಿಗಳಿಗೆ ಆರು ತಿಂಗಳಿಗೊಮ್ಮೆ ವರದಿ ಹೋಗಬೇಕು. ಮೊದಲನೆಯದರಲ್ಲಿ ಫಲಿತಾಂಶವಿರುವುದಿಲ್ಲ, ಇರುವಂತೆ ಬರೆಯಲೂ ಬಾರದು. ಎಷ್ಟು ರಿಜಿಸ್ಟರು ಸಿಕ್ಕವು, ಎಷ್ಟು ಗೆದ್ದಲು ತಿಂದಿದ್ದವು, ಯಾವ ವರ್ಷಗಳು ಖಾಲಿ, ಯಾವ ಮಾಪಕ ಎಷ್ಟು ದಿನ ಕೆಟ್ಟಿತ್ತು, ಇದನ್ನೇ ಬರೆದರೆ ಸಾಕು. ಎರಡು ವರ್ಷದ ಹೊಲದ ಅಂಕಿಗಳಿಂದ ಹವಾಮಾನ ಬದಲಾಯಿತೆಂದು ಯಾರೂ ಹೇಳಲಾರರು; ಅದನ್ನು ಹೇಳಬೇಕಾದದ್ದು ಐವತ್ತು ವರ್ಷಗಳ ದಾಖಲೆ, ಹೊಲದ ಅಂಕಿಗಳು ಅದನ್ನು ಒರೆಗೆ ಹಚ್ಚುವುದಕ್ಕೆ. ಈ ಮಾತನ್ನು ಒಪ್ಪಂದದ ಹೊತ್ತಿಗೇ ಹೇಳಿದ್ದರೆ ಕೊನೆಯ ವರದಿಯಲ್ಲಿ ‘ಬದಲಾವಣೆ ಖಚಿತವಾಗಿ ಕಾಣಲಿಲ್ಲ’ ಎಂದು ಬರೆಯಬೇಕಾಗಿ ಬಂದರೂ ಮುಖ ತಪ್ಪಿಸಬೇಕಾಗುವುದಿಲ್ಲ. ಹತ್ತು ಕೋಟಿ ಅಥವಾ ಅದಕ್ಕಿಂತ ಹೆಚ್ಚು ಸಿಎಸ್‌ಆರ್ ಬಾಧ್ಯತೆಯಿರುವ ಕಂಪನಿ ಒಂದು ಕೋಟಿ ಮತ್ತು ಮೇಲ್ಪಟ್ಟ ಯೋಜನೆಗಳಿಗೆ ಸ್ವತಂತ್ರ ಪರಿಣಾಮ ಮೌಲ್ಯಮಾಪನ ಮಾಡಿಸಬೇಕೆಂಬ ನಿಯಮವಿದೆ. ನಮ್ಮ ಅಳತೆಯ ಯೋಜನೆಗಳು ಅಷ್ಟು ಮುಟ್ಟುವುದಿಲ್ಲ.

ಮುಗಿಯುವ ಹೊತ್ತಿಗೆ ಒಂದು ಕಾಗದ ಉಳಿಯುತ್ತದೆ. ಮಳೆಮಾಪಕಗಳು, ಗಣಕಯಂತ್ರ, ಪ್ರತಿ ಮಾಡಿದ ರಿಜಿಸ್ಟರುಗಳು ಯಾರ ಸ್ವತ್ತೆಂದು ಒಪ್ಪಂದದಲ್ಲಿ ಬರೆದಿರದಿದ್ದರೆ, ಕೊನೆಯ ಕಂತು ಬರುವ ಮೊದಲೇ ದಾನಿಯಿಂದ ಪತ್ರ ಪಡೆದು ಮಾಪಕಗಳನ್ನು ಆಯಾ ಊರಿನ ಸರ್ಕಾರಿ ಶಾಲೆಗೋ ಗ್ರಾಮ ಪಂಚಾಯಿತಿಗೋ ಹಸ್ತಾಂತರಿಸಿ, ರಿಜಿಸ್ಟರಿನ ಪ್ರತಿಗಳನ್ನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿಡಿ. ಹಸ್ತಾಂತರವಾದ ಮೇಲಿನ ಮೊದಲ ತಿಂಗಳ ಮಳೆಯ ಪಟ್ಟಿಯನ್ನು, ಅದನ್ನು ಬರೆದ ಶಾಲೆಯ ಮೊಹರಿನೊಂದಿಗೆ, ಅಂತಿಮ ವರದಿಗೆ ಲಗತ್ತಿಸಿ ಕಳಿಸಿ.